ಕೆಂಪು ಪಟ್ಟೆಯ ಬೆಣ್ಣೆಮರಗಳು

ಜುಲೈ 2

ಕೊನೆಗೂ ಸಹಿ ಬಿತ್ತು. ಕಣಿವೆಯ ಬೆರಕೆ ಮರಗಳನ್ನು ಕಡಿಯಲು ಒಪ್ಪಿಗೆ. ಎಷ್ಟು ಸಭೆ, ಎಷ್ಟು ಲೋಟ ಚಹಾ, ಎಷ್ಟು ಜನರ ತಲೆಯಾಡಿಸುವಿಕೆ! ನಿರ್ದೇಶಕರು ಪೆನ್ನು ಕೆಳಗಿಟ್ಟಾಗ ನನಗೆ ಕುಣಿಯಬೇಕೆನ್ನಿಸಿತು. ಹೊರಗೆ ಬಂದು ಕಾರಿಡಾರಿನಲ್ಲಿ ಒಬ್ಬಳೇ ನಕ್ಕೆ.

ನಾಳೆ ನನಗೇ ಅನುಮಾನ ಬಂದರೆ ಇರಲಿ ಎಂದು ಒಮ್ಮೆ ಬಿಡಿಸಿ ಬರೆದುಕೊಳ್ಳುತ್ತೇನೆ. ಕಣಿವೆಯಲ್ಲಿರುವುದು ಬೆಣ್ಣೆಹಣ್ಣಿನ ಕಾಡು ಸಂಬಂಧಿ. ಹಣ್ಣು ಹೆಬ್ಬೆರಳಿನಷ್ಟು, ಕಪ್ಪು, ತಿರುಳಿಗಿಂತ ಬೀಜವೇ ಜಾಸ್ತಿ. ತಿನ್ನಲು ಬಾರದು. ಆದರೆ ಬೇರು ಗಟ್ಟಿ. ಕೆಳಗಿನ ತೋಟಗಳಲ್ಲಿ ಬೇರುಕೊಳೆ ರೋಗ ಬಂದು ಬೆಣ್ಣೆಹಣ್ಣಿನ ಮರಗಳು ನಿಂತಲ್ಲೇ ಒಣಗುತ್ತಿವೆ, ಇವಕ್ಕೆ ಮಾತ್ರ ಏನೂ ಆಗಿಲ್ಲ. ನಮಗೆ ಗೊತ್ತಿರುವ ಮಟ್ಟಿಗೆ ಈ ಮರ ಉಳಿದಿರುವುದು ಈ ಒಂದೇ ಕಣಿವೆಯಲ್ಲಿ. ತೊಂದರೆ ಜೇನುನೊಣದ್ದು. ತೋಟದ ಹೂವಿನ ಪರಾಗವನ್ನು ತಂದು ಕಾಡಿನ ಹೂವಿಗೆ ಮೆತ್ತುತ್ತದೆ. ಬೆರಕೆ ಸಸಿ ಹುಟ್ಟುತ್ತದೆ, ಅಪ್ಪನ ಹಾಗೆ ದಡದಡ ಬೆಳೆಯುತ್ತದೆ, ಅಮ್ಮನಿಗೇ ನೆರಳು ಕವಿಯುತ್ತದೆ, ಮತ್ತೆ ಬೆರೆಯುತ್ತದೆ. ಹೀಗೇ ಬಿಟ್ಟರೆ ಶುದ್ಧ ಮರ ಎಂಬುದೇ ಇರುವುದಿಲ್ಲ. ಅದಕ್ಕೇ ಬೆರಕೆಗಳನ್ನು ತೆಗೆಯಬೇಕು. ಯಾವುದು ಬೆರಕೆ ಎಂದು ಹೇಳಬೇಕಾದವಳು ನಾನು.

ನೋಡಿದರೆ ಗೊತ್ತಾಗುವುದಿಲ್ಲ. ಎಲೆ, ತೊಗಟೆ ಎರಡೂ ಮೋಸ ಮಾಡುತ್ತವೆ. ವಾಸನೆ ಮೋಸ ಮಾಡುವುದಿಲ್ಲ. ಶುದ್ಧ ಮರದ ಎಲೆಯನ್ನು ಹಿಚುಕಿದರೆ ಸೋಂಪಿನ ಘಮ ಬರುತ್ತದೆ. ಬೆರಕೆಯಲ್ಲಿ ಅದು ಇಲ್ಲ, ಇದ್ದರೂ ಇದ್ದೂ ಇಲ್ಲದಂತೆ. ಸಂಸ್ಥೆಯಲ್ಲಿ ಎಲ್ಲರೂ ನನ್ನನ್ನು ‘ಮೂಗು ಮೇಡಂ’ ಎನ್ನುತ್ತಾರೆ. ಅದು ನನಗೆ ಗೊತ್ತಿಲ್ಲವೆಂದು ಅವರ ನಂಬಿಕೆ.

ಜುಲೈ 6

ಕೆಲಸ ಶುರುವಾಯಿತು. ನನ್ನ ಕ್ರಮ ನನಗೆ ಬಿಟ್ಟು ಬೇರೆಯವರಿಗೆ ತಮಾಷೆ. ಬಿಸಿಲೇರುವ ಮೊದಲು ಹೋಗಬೇಕು. ತುದಿಯ ಎಳೆಯ ಎಲೆಯೂ ಅಲ್ಲ, ಬುಡದ ಬಲಿತ ಎಲೆಯೂ ಅಲ್ಲ, ನಡುವಿನದ್ದು. ಅಂಗೈಯಲ್ಲಿ ಹಿಚುಕಿ, ಒಳಗಿನ ಉಸಿರನ್ನೆಲ್ಲ ಹೊರಗೆ ಬಿಟ್ಟು, ಕಣ್ಣು ಮುಚ್ಚಿ, ಆಮೇಲೆ ಮೂಗಿಗೆ. ಆ ಹೊತ್ತಿಗೆ ಯಾರೂ ನನ್ನ ಹತ್ತಿರ ಸುಳಿಯಬಾರದು. ಒಬ್ಬರ ಸಿಗರೇಟು, ಒಬ್ಬರ ಸೆಂಟು, ಒಬ್ಬರ ಬೆವರು, ಎಲ್ಲ ಸೇರಿ ಕೆಡಿಸಿಬಿಡುತ್ತವೆ. ಘಮ ಬಂದರೆ ಮರ ಉಳಿಯಿತು. ಬಾರದಿದ್ದರೆ ಕಾಂಡದ ಸುತ್ತ ಕೆಂಪು ಪಟ್ಟೆ ಬಳಿಯುತ್ತೇನೆ.

ಜೊತೆಗೆ ಪ್ರಯೋಗಾಲಯದ ಹುಡುಗಿ ಬರುತ್ತಾಳೆ. ಹುಡುಗಿಗೆ ಮೂವತ್ತು ದಾಟಿದೆ, ಆದರೆ ನನ್ನ ವಯಸ್ಸಿಗೆ ಎಲ್ಲರೂ ಹುಡುಗಿಯರೇ. ಮುಖಗವಸು, ಕೈಗವಸು ಹಾಕಿಕೊಂಡು ಆಪರೇಷನ್ನಿಗೆ ಬಂದವಳ ಹಾಗೆ ಬರುತ್ತಾಳೆ. ಎಲೆಯ ಚೂರನ್ನು ಪುಟ್ಟ ಸೀಸೆಗೆ ತುಂಬಿ ಮುಚ್ಚಳ ಬಿಗಿಯುತ್ತಾಳೆ. ಅವಳಿಗೆ ನಾನಿಟ್ಟ ಹೆಸರು ‘ಸೀಸೆ’. ಅದನ್ನೆಲ್ಲ ಯಂತ್ರಕ್ಕೆ ಹಾಕಿ ಮರದ ವಂಶ ನೋಡುತ್ತಾಳಂತೆ. ಕಡಿಮೆಯೆಂದರೂ ಒಂದು ವಾರ ಬೇಕಂತೆ. ನನಗೆ ಒಂದು ಉಸಿರು ಸಾಕು.

“ಮೇಡಂ, ನಾನೂ ಒಂದ್ಸಲ ಮೂಸಿ ನೋಡ್ಲಾ?” ಎಂದಳು.

“ನಿನ್ನ ಸೀಸೆ ನೀನು ನೋಡ್ಕೋ” ಎಂದೆ.

ಮುಖ ಸಪ್ಪಗಾಯಿತು. ಆಗಲಿ ಬಿಡು.

ಜುಲೈ 8

ಇವತ್ತು ಮರದ ಮೇಲೆ ಮರ ಶುದ್ಧ. ಕೆಂಪು ಡಬ್ಬಿಯ ಮುಚ್ಚಳ ತೆಗೆದದ್ದು ಒಂದೆರಡು ಸಲ ಅಷ್ಟೆ. ಮೇಲಿನ ಏರಿನಲ್ಲಿರುವ ‘ಅಜ್ಜಿ’ಯನ್ನು ದೂರದಿಂದಲೇ ಮಾತಾಡಿಸಿ ಬಂದೆ. ಕಣಿವೆಯ ಅತಿ ಹಳೆಯ ಮರ ಅದು. ಉಳಿದವೆಲ್ಲ ಅವಳ ಮಕ್ಕಳು, ಮೊಮ್ಮಕ್ಕಳು ಎಂದು ನನ್ನ ಲೆಕ್ಕ.

ಜುಲೈ 12

ಜ್ವರ. ಮೂಗು ಕಟ್ಟಿದೆ. ತಲೆ ಸಿಡಿಯುತ್ತಿದೆ. ಬರೆಯಲಾರೆ.

ಜುಲೈ 18

ಜ್ವರ ಬಿಟ್ಟಿತು. ಮೂಗು ಬಿಚ್ಚಿಕೊಂಡಿದೆ, ಉಸಿರು ಸಲೀಸು. ಬದುಕಿದೆ.

ಅಕ್ಕ ನನ್ನ ಆರೈಕೆ ಮಾಡಿ ಸೋತಿದ್ದಾಳೆ. ಅವಳ ಕೈರುಚಿಯೇ ಹೋಗಿದೆ. ಗಂಜಿಯಲ್ಲಿ ಏನೂ ಇಲ್ಲ, ಬಿಸಿ ನೀರು ಕುಡಿದ ಹಾಗೆ. ಹೇಳಿದರೆ, “ಎಲ್ಲ ಹಾಕಿದ್ದೀನಿ ಪುಟ್ಟಿ, ತಿನ್ನು” ಎಂದು ನನ್ನ ಮುಖವನ್ನೇ ನೋಡಿದಳು. ಐವತ್ತಾರರ ಹೆಂಗಸನ್ನು ಇನ್ನೂ ಪುಟ್ಟಿ ಎನ್ನುವವಳು ಅವಳೊಬ್ಬಳೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ಊರಿನ ಮಾತೆಲ್ಲ ಕಿವಿಗೆ ಬಿದ್ದರೂ ಒಂದು ದಿನ ಬಾಯಿ ಬಿಟ್ಟವಳಲ್ಲ. ಅವಳ ಮನಸ್ಸಿನಲ್ಲಿರುವುದನ್ನು ಹೊರಗೆ ತೆಗೆಯಲು ಯಾರಿಂದಲೂ ಆಗುವುದಿಲ್ಲ.

ಜುಲೈ 20

ಕಣಿವೆಗೆ ಹೋದೆ. ಎದೆ ಒಡೆಯಿತು.

ಹಳ್ಳದ ಪಕ್ಕದ ಸಾಲು ಪೂರ್ತಿ ಬೆರಕೆ. ಒಂದಾದ ಮೇಲೊಂದು ಎಲೆ ಹಿಚುಕಿದೆ, ಒಂದರಲ್ಲೂ ಘಮ ಇಲ್ಲ. ಸುಮ್ಮನೆ ಹಸಿರು, ಅಷ್ಟೇ. ನಾನು ಅಂದುಕೊಂಡದ್ದಕ್ಕಿಂತ ಪರಿಸ್ಥಿತಿ ಕೆಟ್ಟದಾಗಿದೆ. ಇನ್ನು ನಾಲ್ಕು ವರ್ಷ ತಡವಾಗಿದ್ದರೆ ಉಳಿಸಲು ಏನೂ ಇರುತ್ತಿರಲಿಲ್ಲ. ಕೈ ನೋಯುವಷ್ಟು ಪಟ್ಟೆ ಬಳಿದೆ.

ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ, “ಏನೇ, ಸೋಂಪಿನ ಡಬ್ಬಿಯೊಳಗೆ ಬಿದ್ದು ಎದ್ದು ಬಂದ್ಯಾ? ಕೈ ತೊಳ್ಕೋ” ಎಂದಳು.

ಹಳೆಯ ಕೋಟಿನಲ್ಲಿ ಜ್ವರಕ್ಕೆ ಮುಂಚಿನ ಘಮ ಉಳಿದಿರಬೇಕು. ಕೈ ತೊಳೆದೆ.

ಜುಲೈ 23

ಮತ್ತೆ ಅದೇ. ಪಟ್ಟೆ, ಪಟ್ಟೆ, ಪಟ್ಟೆ. ಕೆಂಪು ಡಬ್ಬಿ ಮುಗಿದು ಇನ್ನೊಂದು ತರಿಸಿದೆ.

ಸೀಸೆ ಹಿಂದಿನಿಂದ ಮೆಲ್ಲಗೆ, “ಇಷ್ಟೊಂದಾ ಮೇಡಂ?” ಎಂದಳು. ತಿರುಗಿ ನೋಡಿದೆ, ಬಾಯಿ ಮುಚ್ಚಿಕೊಂಡಳು.

ಜುಲೈ 26

ಮನೆಯಲ್ಲಿ ಅಕ್ಕನ ಕಾಟ ಹೆಚ್ಚಾಗಿದೆ. ಹಾಲು ಕೊಡುವ ಮೊದಲು ತಾನೇ ಮೂಸಿ ನೋಡುತ್ತಾಳೆ. ನಿನ್ನೆಯ ಅಡುಗೆ ನನ್ನ ತಟ್ಟೆಯಿಂದ ಎತ್ತಿಕೊಂಡು ಹೋಗಿ ಚೆಲ್ಲಿದಳು. ನಾನು ಮೇಜಿನ ಮುಂದೆ ಕೂತು ವರದಿ ಬರೆಯುತ್ತಿದ್ದಾಗ ಓಡಿ ಬಂದು, “ಗ್ಯಾಸ್! ಗ್ಯಾಸ್!” ಎಂದು ಕೂಗಿ ಕಿಟಕಿಗಳನ್ನೆಲ್ಲ ದಬದಬ ತೆರೆದಳು. ಒಲೆಯ ತಿರುಗಣೆ ಸರಿಯಾಗಿ ಮುಚ್ಚಿರಲಿಲ್ಲವಂತೆ. ನಾನು ಬರವಣಿಗೆಯಲ್ಲಿ ಮುಳುಗಿದ್ದೆ. ಅದಕ್ಕೇನು, ಯಾರಿಗಾದರೂ ಆಗುತ್ತದೆ.

ಆಮೇಲೆ ಅಕ್ಕ ಮತ್ತೆ ಮತ್ತೆ ಎದ್ದು ಹೋಗಿ ಒಲೆಯ ತಿರುಗಣೆ ಮುಟ್ಟಿ ನೋಡಿ ಬಂದಳು. ವಯಸ್ಸಾಯಿತು ಅವಳಿಗೆ.

ಜುಲೈ 30

ಸೀಸೆಯ ಫಲಿತಾಂಶ ಬಂತು. ಜ್ವರಕ್ಕೆ ಮುಂಚೆ ನಾನು ಹೇಳಿದ ಮರಗಳಿಗೆಲ್ಲ ಅವಳ ಯಂತ್ರವೂ ಹೌದು ಅಂದಿದೆ. ಹಳ್ಳದ ಸಾಲಿಗೆ ಮಾತ್ರ ತಲೆಕೆಳಗು. ನಾನು ಬೆರಕೆ ಎಂದ ಮರಗಳೆಲ್ಲ ಶುದ್ಧವಂತೆ!

“ಸೀಸೆ ಅದಲುಬದಲು ಮಾಡಿದ್ದೀಯ” ಎಂದೆ.

“ಇಲ್ಲ ಮೇಡಂ. ಎರಡೆರಡು ಸಲ ನೋಡಿದ್ದೀನಿ.”

“ಎರಡು ಸಲ ಅದೇ ತಪ್ಪು ಸೀಸೆ ನೋಡಿದ್ರೆ ಎರಡು ಸಲವೂ ಅದೇ ಬರುತ್ತೆ.”

“ಮೇಡಂ, ಬೇಜಾರು ಮಾಡ್ಕೋಬೇಡಿ. ನಾಳೆ ಇಬ್ಬರೂ ಹೋಗಿ ಆ ಸಾಲು ಇನ್ನೊಂದ್ಸಲ ನೋಡೋಣ್ವಾ? ನೀವು ಮೂಸಿ, ನಾನೂ...”

ನನಗೆ ಕೋಪ ನೆತ್ತಿಗೇರಿತು. ನಾನು ಈ ಕಣಿವೆಗೆ ಕಾಲಿಟ್ಟಾಗ ಇವಳು ಅಕ್ಷರ ತಿದ್ದುತ್ತಿದ್ದಳು. ಏನೇನೋ ಅಂದೆ. ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವಳು ತುಟಿ ಕಚ್ಚಿಕೊಂಡು ನಿಂತಿದ್ದಳು, ಅತ್ತರೆ ನನಗೆ ಗೆಲುವಾಗುತ್ತದೆಂದು ಅಳಲಿಲ್ಲ. ಅಷ್ಟು ಹಟ ಇದೆ ಅವಳಿಗೆ. ಅದು ಮಾತ್ರ ನನಗೆ ಹಿಡಿಸಿತು.

ಆಗಸ್ಟ್ 1

ನಿರ್ದೇಶಕರ ಕೊಠಡಿ. ಅವರಿಗೆ ಜಗಳ ಎಂದರೆ ಹೊಟ್ಟೆನೋವು. ಎರಡೂ ಕಡೆ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, “ಇಷ್ಟು ವರ್ಷ ಮೇಡಂ ಹೇಳಿದ್ದು ಒಂದಾದರೂ ಸುಳ್ಳಾಗಿದೆಯಾ?” ಎಂದರು. ಸೀಸೆ ಇಲ್ಲ ಎಂದಳು. “ಹಾಗಾದರೆ ಮುಗೀತು. ಕಡಿಯೋವರೆಗೆ ಇನ್ನು ಪ್ರಯೋಗಾಲಯಕ್ಕೆ ಮಾದರಿ ಬೇಡ. ಮೇಡಂ ಮೂಗೇ ಸಾಕು.”

ಗೆದ್ದೆ. ಕಡಿಯುವ ದಿನವೂ ನಿಗದಿಯಾಯಿತು, ಹದಿನಾಲ್ಕು. ಗರಗಸದ ಮೇಸ್ತ್ರಿ ತಂಡ ಕಟ್ಟಿಕೊಂಡು ಬರುತ್ತಾನೆ. ಈ ಮರಗಳನ್ನು ಕಡಿದರಷ್ಟೇ ಸಾಲದು, ಬುಡದಿಂದ ಮತ್ತೆ ಚಿಗುರುತ್ತವೆ. ಕಡಿದ ತಕ್ಷಣ ಹಸಿ ಬುಡಕ್ಕೆ ವಿಷ ಹಚ್ಚಬೇಕು. ಆಮೇಲೆ ಅದು ಏಳುವುದಿಲ್ಲ.

ಗೆದ್ದ ಮೇಲೆ ಸಮಾಧಾನ ಇರಬೇಕಿತ್ತು. ಊಟ ಸೇರಲಿಲ್ಲ. ಈಗೀಗ ಯಾವ ಊಟವೂ ಸೇರುತ್ತಿಲ್ಲ.

ಆಗಸ್ಟ್ 9

ಇವತ್ತಿನದನ್ನು ಬರೆಯಲು ಕೈ ಬರುತ್ತಿಲ್ಲ.

ಮೇಲಿನ ಏರು ಹತ್ತಿದೆ. ಅಜ್ಜಿಯನ್ನು ಪರೀಕ್ಷಿಸುವ ಅಗತ್ಯವೇ ಇರಲಿಲ್ಲ, ಅವಳನ್ನು ಮುಟ್ಟಿ ಮಾತಾಡಿಸಲು ಹೋದದ್ದು. ಎಂದಿನಂತೆ ಒಂದು ಎಲೆ ಹಿಚುಕಿದೆ.

ಏನೂ ಇಲ್ಲ.

ಇನ್ನೊಂದು ಎಲೆ. ಇನ್ನೊಂದು ಕೊಂಬೆ. ಮರದ ಆ ಬದಿ, ಈ ಬದಿ. ಅಂಗೈ ಹಸಿರಾಗಿ ಅಂಟಂಟಾಯಿತು. ಏನೂ ಇಲ್ಲ. ಬೇರಿನ ಮೇಲೆ ಕುಕ್ಕರಿಸಿ ಕೂತೆ. ಅಜ್ಜಿಯೂ ಬೆರಕೆ ಎಂದರೆ ಈ ಕಣಿವೆಯಲ್ಲಿ ಶುದ್ಧ ಎನ್ನುವುದು ಯಾವತ್ತೂ ಇರಲೇ ಇಲ್ಲವೆ? ಹಾಗಾದರೆ ಮೊದಲು ನನಗೆ ಬರುತ್ತಿದ್ದ ಘಮ ಯಾವುದು?

ಮಾದರಿ ತೆಗೆಯುವ ಕೆಲಸವಿಲ್ಲದಿದ್ದರೂ ಸೀಸೆ ನನ್ನ ಚೀಲ ಹೊರಲು ಬಂದಿದ್ದಳು. ನನ್ನ ನಿಯಮದಂತೆ ದೂರದಲ್ಲೇ ನಿಂತಿದ್ದಳು. ಅಲ್ಲಿಂದಲೇ ಕೂಗಿದಳು, “ಮೇಡಂ, ಅಜ್ಜಿಗೆ ಕೆಳಗಿನ ತೋಟಕ್ಕಿಂತ ವಯಸ್ಸು ಜಾಸ್ತಿ ಅಲ್ವಾ? ತೋಟ ಇಲ್ಲದಾಗ ಹುಟ್ಟಿದ ಮರ ಬೆರಕೆ ಹೇಗಾಗುತ್ತೆ?”

“ತೋಟಕ್ಕೂ ಮುಂಚೆ ಯಾರದೋ ಹಿತ್ತಲಲ್ಲಿ ಒಂದು ಮರ ಇದ್ದಿರಬಹುದು.”

“ಇದ್ದಿರಬಹುದಾ ಮೇಡಂ?”

ಕುಂಚ ತೆಗೆದೆ. ನನ್ನ ಪ್ರೀತಿಯ ಮರ ಎಂದು ಬಿಟ್ಟರೆ ಉಳಿದ ಮರಗಳಿಗೆ ನಾನು ಮಾಡಿದ್ದು ಅನ್ಯಾಯವಾಗುತ್ತದೆ. ಅಜ್ಜಿಯ ಸೊಂಟದ ಸುತ್ತ ಪಟ್ಟೆ ಬಳಿಯುವಾಗ ಕಣ್ಣು ಮಂಜಾಗಿ ಗೆರೆ ಸೊಟ್ಟಾಯಿತು. ತೊಗಟೆಯ ಸಂದುಗಳಲ್ಲಿ ಬಣ್ಣ ಇಳಿಯುತ್ತಿತ್ತು. ಒರೆಸಲಿಲ್ಲ.

ಆಗಸ್ಟ್ 12

ಅಕ್ಕ ಬೆಳಗ್ಗೆ ಕೇಳಿದಳು, “ಡಾಕ್ಟರ ಹತ್ತಿರ ಹೋಗಿ ಬರೋಣ್ವಾ ಪುಟ್ಟಿ?”

“ಯಾಕೆ? ನಿನಗೇನಾಯ್ತು?”

“ನನಗೇನೂ ಆಗಿಲ್ಲ” ಎಂದು ಎದ್ದು ಹೋದಳು.

ಆಗಸ್ಟ್ 14

ಬೆಳಗ್ಗೆ ಹೋದೆವು. ನಿರ್ದೇಶಕರು ಟೋಪಿ ಹಾಕಿಕೊಂಡು ಬಂದಿದ್ದರು. ಮೇಸ್ತ್ರಿಯ ಜೊತೆ ಗರಗಸದವರು, ವಿಷದ ಡಬ್ಬಿ ಹಿಡಿದ ಒಬ್ಬ. ಸೀಸೆ ಹಿಂದೆ ನಿಂತಿದ್ದಳು. ಇವತ್ತು ಅವಳಿಗೆ ಮುಖಗವಸೂ ಇಲ್ಲ, ಕೈಗವಸೂ ಇಲ್ಲ, ಕೆಲಸವೂ ಇಲ್ಲ.

ಮೊದಲು ಹಳ್ಳದ ಸಾಲಿನ ಮುಂದಿನ ಮರ, ಆಮೇಲೆ ಅಜ್ಜಿ ಎಂದು ಮೇಸ್ತ್ರಿ ಹೇಳಿದ. ದೊಡ್ಡ ಮರಕ್ಕೆ ಹಗ್ಗ ಕಟ್ಟಲು ಹೊತ್ತು ಬೇಕಂತೆ, ಇಬ್ಬರಿಗೆ ಹಗ್ಗ, ಗರಗಸ ಕೊಟ್ಟು ಮೊದಲೇ ಮೇಲೆ ಕಳಿಸಿದ. ನಾನು ತಲೆಯಾಡಿಸಿದೆ. ಗರಗಸ ಕಿರ್ರೆಂದು ಶುರುವಾಯಿತು. ಮರ ಒಂದು ಕ್ಷಣ ಹಾಗೇ ನಿಂತು ಆಮೇಲೆ ನಿಧಾನವಾಗಿ ವಾಲಿತು. ಕೊಂಬೆಗಳು ಕಲ್ಲಿನ ಮೇಲೆ ಬಿದ್ದು ಎಲೆಗಳೆಲ್ಲ ಅರೆದುಹೋದವು. ಗರಗಸ ನಿಲ್ಲಿಸಿದರು.

ಆಗ ಮೇಸ್ತ್ರಿ ತಲೆಯೆತ್ತಿ, “ಅಬ್ಬಾ! ಏನು ಘಮ ಇದು!” ಎಂದ.

ಇನ್ನೊಬ್ಬ ಮೂಗರಳಿಸಿದ. “ಸೋಂಪು ಕಣ್ರೋ. ಊಟ ಆದ್ಮೇಲೆ ತಿಂತೀವಲ್ಲ, ಅದೇ.” ಒಬ್ಬ ಎಲೆ ಕಿತ್ತು ಮೂಸಿದ, ಪಕ್ಕದವನ ಮೂಗಿಗೂ ಹಿಡಿದ. ಹಬ್ಬದಂತೆ ನಗುತ್ತಿದ್ದರು. ನಿರ್ದೇಶಕರು ಕೂಡ ಟೋಪಿ ತೆಗೆದು ಆಳವಾಗಿ ಉಸಿರೆಳೆದು, ಆಮೇಲೆ ಥಟ್ಟನೆ ಉಸಿರು ನಿಲ್ಲಿಸಿ ನನ್ನ ಕಡೆ ನೋಡಿದರು. ಆ ವಾಸನೆ ಬಂದರೆ ಮರ ಶುದ್ಧ ಎಂದು ಅವರಿಗೆ ಸಭೆ ಸಭೆಯಲ್ಲಿ ಬಾಯಿಪಾಠ ಮಾಡಿಸಿದವಳು ನಾನೇ.

ನಾನು ಉಸಿರೆಳೆದೆ. ಮತ್ತೆ ಎಳೆದೆ. ಗಾಳಿ ಬಂತು, ತಂಪಾಗಿ ಬಂತು, ಒಳಗೆ ಹೋಯಿತು. ಅದರಲ್ಲಿ ಏನೂ ಇರಲಿಲ್ಲ. ಎಲೆ ಬಾಚಿಕೊಂಡು ಮುಖಕ್ಕೆ ಒತ್ತಿಕೊಂಡೆ. ಏನೂ ಇಲ್ಲ. ಗಂಜಿ, ಹಾಲು, ಗ್ಯಾಸು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಕಣಿವೆ ಸರಿಯಾಗಿಯೇ ಇತ್ತು. ಸರಿಯಿಲ್ಲದಿದ್ದವಳು ನಾನು.

ಅಷ್ಟರಲ್ಲಿ ಡಬ್ಬಿಯವನು ಕುಂಚ ಅದ್ದಿಕೊಂಡು ಬುಡದ ಹತ್ತಿರ ಬಗ್ಗುತ್ತಿದ್ದ. ಅವನಿಗೆ ಕೊಟ್ಟ ಆಜ್ಞೆಯೇ ಹಾಗೆ, ಕಡಿದ ಕೂಡಲೇ ಹಚ್ಚಬೇಕು. ನಾಲ್ಕು ಹೆಜ್ಜೆ ಓಡಿ ಹೋಗಿ ಆ ಹಸಿ ಬುಡದ ಮೇಲೆ ಕೂತುಬಿಟ್ಟೆ.

“ಮೇಡಂ, ಏಳಿ, ವಿಷ ತಾಗುತ್ತೆ!” ಎಂದು ಅವನು ಗಾಬರಿಯಾದ.

“ಏಳಲ್ಲ.”

“ಹಚ್ಚಬೇಕು ಮೇಡಂ, ಒಣಗಿದ್ರೆ ಹಿಡಿಯಲ್ಲ.”

“ಹಿಡೀಬಾರದು. ಇದು ಚಿಗುರಬೇಕು. ಮೇಲೆ ಹೋದವರನ್ನ ಕರೀರಿ, ಅಜ್ಜಿಯನ್ನ ಮುಟ್ಟಬೇಡಿ ಅನ್ನಿ.”

ಮೇಸ್ತ್ರಿ ನಿರ್ದೇಶಕರ ಮುಖ ನೋಡಿದ. ನಿರ್ದೇಶಕರು ನನ್ನ ಮುಖ ನೋಡಿದರು. ಮೇಲಿನಿಂದ ಗರಗಸದ ಸದ್ದು ಕೇಳಿಸಿತು. ನಾನು ಹೇಳದೆ ಅದು ನಿಲ್ಲುವಂತಿರಲಿಲ್ಲ.

“ನನಗೆ ವಾಸನೆ ಬರ್ತಿಲ್ಲ” ಎಂದೆ. ಯಾರೂ ಅಲುಗಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಿದೆ, “ನನಗೆ ಯಾವ ವಾಸನೆಯೂ ಬರ್ತಿಲ್ಲ! ನಾನು ಹಾಕಿದ ಪಟ್ಟೆ ನಂಬಬೇಡಿ!”

ಮೊದಲು ಓಡಿದವಳು ಸೀಸೆ. ಏರಿನ ಮೇಲೆ ಬಿದ್ದು ಎದ್ದು ಓಡುತ್ತಾ, ಎರಡೂ ಕೈ ಬೀಸುತ್ತಾ, “ನಿಲ್ಸಿ! ನಿಲ್ಸಿ!” ಎಂದು ಕಿರುಚುತ್ತಿದ್ದಳು. ಗರಗಸ ನಿಂತಿತು. ಅಜ್ಜಿಯ ತೊಗಟೆಗೆ ಅಂಗೈಯಷ್ಟು ಗಾಯವಾಗಿದೆಯಂತೆ. ಅಷ್ಟೇ.

ನಾನು ಬುಡದ ಮೇಲೆ ಕೂತೇ ಇದ್ದೆ. ಸೀರೆಗೆಲ್ಲ ಮರದ ರಸ ಹತ್ತಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಿರ್ದೇಶಕರು ಹತ್ತಿರ ಬಂದು ಬಗ್ಗಿ, ಬೇರೆ ಯಾರಿಗೂ ಕೇಳಿಸದಂತೆ, “ಯಾವತ್ತಿಂದ ಮೇಡಂ?” ಎಂದರು. ಯಾವ ಪಟ್ಟೆ ನಿಜ, ಯಾವ ಪಟ್ಟೆ ಸುಳ್ಳು ಎಂದು ತಿಳಿಯಲು ಅವರಿಗೆ ಅದು ಬೇಕಿತ್ತು.

ನನಗೆ ಗೊತ್ತಿರಲಿಲ್ಲ.

ಅದೇ ದಿನ, ಸಂಜೆ

ಅಕ್ಕ ಕೇಳುವ ಮೊದಲೇ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ.

“ಜ್ವರ ಬಿಟ್ಟ ದಿನದಿಂದ” ಎಂದಳು. “ಗಂಜಿಗೆ ಬೇಕಂತಲೇ ಬೆಳ್ಳುಳ್ಳಿ ಜಾಸ್ತಿ ಹಾಕಿದ್ದೆ. ನೀನು ಏನೂ ಇಲ್ಲ ಅಂದೆ.”

“ಗೊತ್ತಿದ್ದೂ ಹೇಳಲಿಲ್ವಾ ಅಕ್ಕ? ನನ್ನ ಮರಗಳು...”

“ಮರದ ವಿಷಯ ನನಗೇನು ಗೊತ್ತು ಪುಟ್ಟಿ? ನೀನು ಮೂಸಿ ಹೇಳಿದ್ದರ ಮೇಲೆ ಮರ ಕಡೀತಾರೆ ಅಂತ ಒಂದು ದಿನವಾದರೂ ನನಗೆ ಹೇಳಿದ್ಯಾ? ಮೂಗೇ ನಿನ್ನ ಜೀವ ಅಂತ ಮಾತ್ರ ಗೊತ್ತಿತ್ತು. ತಾನಾಗಿ ಬರುತ್ತೆ, ಅಲ್ಲಿವರೆಗೆ ನಾನು ನೋಡ್ಕೋತೀನಿ ಅಂದುಕೊಂಡೆ. ಹೇಳಕ್ಕೆ ಬಾಯಿ ಬರಲಿಲ್ಲ.”

ಜಗಳವಾಡಬೇಕೆಂದು ಬಾಯಿ ತೆರೆದೆ. ಬಂದದ್ದು ಅಳು. ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಳು. ನಿರ್ದೇಶಕರಿಗೆ ಫೋನ್ ಮಾಡಿ, ಜ್ವರದ ನಂತರದ್ದೆಲ್ಲ ಸುಳ್ಳು, ಸೀಸೆಗಳಲ್ಲಿ ಅದಲುಬದಲಾದದ್ದು ಏನೂ ಇಲ್ಲ, ತಪ್ಪು ನನ್ನದೊಬ್ಬಳದೇ ಎಂದೆ. ಅವರು, “ಸರಿ, ಬರೆದುಕೊಟ್ಟುಬಿಡಿ” ಎಂದರು. ಬರೆದುಕೊಡುತ್ತೇನೆ.

ಆಗಸ್ಟ್ 17

ಡಾಕ್ಟರು ಮೂಗಿನೊಳಗೆ ದೀಪ ಹಾಕಿ ನೋಡಿದರು. ಬರಬಹುದು, ಬಾರದೆಯೂ ಇರಬಹುದು ಎಂದರು. ಇಷ್ಟು ಹೇಳಲು ಅಷ್ಟು ದೊಡ್ಡ ದೀಪ.

ಆಗಸ್ಟ್ 21

ಇವತ್ತಿನಿಂದ ಕಣಿವೆಯ ಕೆಲಸ ಸೀಸೆಯ ಹೆಸರಿನಲ್ಲಿ. ನಾನು ಸಹಾಯಕ್ಕೆ. ಹೋಗುವುದೋ ಬೇಡವೋ ಎಂದು ಬೆಳಗ್ಗೆ ಚಪ್ಪಲಿ ಹಾಕಿ ಬಿಚ್ಚಿ ಮಾಡಿದೆ. ಬಾಗಿಲಲ್ಲಿ ಅವಳೇ ಬಂದು ನಿಂತಿದ್ದಳು. “ಬಿಸಿಲೇರುತ್ತೆ ಮೇಡಂ, ಬನ್ನಿ.”

ಅಜ್ಜಿಯ ಹತ್ತಿರ ಹೋದೆವು. ಯಂತ್ರಕ್ಕೆ ಎಲೆ ತೆಗೆದಾದ ಮೇಲೆ ಅವಳ ಮುಖಗವಸು ಕೆಳಗೆ ಎಳೆಸಿದೆ. “ನಡುವಿನ ಎಲೆ ತಗೋ. ಹಿಚುಕು. ಮೊದಲು ಉಸಿರು ಹೊರಗೆ ಬಿಡು, ಪೂರ್ತಿ. ಕಣ್ಣು ಮುಚ್ಚು. ಈಗ.”

ಅವಳು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ. ಈ ಕೆಲಸ ಮಾಡುವಾಗ ನಾನು ಯಾರನ್ನೂ ಇಷ್ಟು ಹತ್ತಿರ ಬಿಟ್ಟುಕೊಂಡವಳಲ್ಲ.

“ಏನು ಬಂತು ಹೇಳು.”

“ಸೋಂಪು ಮೇಡಂ.”

“ಅದು ಮೇಸ್ತ್ರಿಯೂ ಹೇಳ್ತಾನೆ. ಮೊದಲು ಏನು, ಆಮೇಲೆ ಏನು?”

ಮತ್ತೆ ಮೂಸಿದಳು. “ಮೊದಲು ಚುರುಕ್ ಅಂತ ಒಂಥರಾ ಖಾರ. ಆಮೇಲೆ ಸಿಹಿ, ಅದೇ ಸೋಂಪು. ಆಮೇಲೆ...” ಹುಬ್ಬು ಗಂಟಿಕ್ಕಿದಳು. “ಅದೆಲ್ಲ ಹೋದ್ಮೇಲೆ ಕೊನೇಲಿ ಸಣ್ಣಗೆ ಒಂದು ಕಹಿ. ಹಸಿ ಬಾದಾಮಿ ಸಿಪ್ಪೆ ಥರ. ಇರುತ್ತಲ್ವಾ ಮೇಡಂ?”

ಖಾರ ನನಗೆ ಗೊತ್ತು. ಸಿಹಿ ಗೊತ್ತು. ಇಷ್ಟು ವರ್ಷದಲ್ಲಿ, ನನ್ನ ಮೂಗು ಗಟ್ಟಿಯಿದ್ದ ಕಾಲದಲ್ಲೂ, ಆ ಕಹಿ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಹೌದು ಎನ್ನಲು ಬಾಯಿ ತೆರೆದೆ. ಆಮೇಲೆ, “ನನಗೆ ಗೊತ್ತಿಲ್ಲ, ಇನ್ನೊಂದ್ಸಲ ಹೇಳು” ಎಂದೆ. ಅವಳು ಹೇಳಿದಳು. ನಾನು ಬಟ್ಟೆಗೆ ಸೀಮೆಎಣ್ಣೆ ಹಾಕಿ ಅಜ್ಜಿಯ ಸೊಂಟದ ಪಟ್ಟೆ ಉಜ್ಜತೊಡಗಿದೆ. ಸಂದಿನಲ್ಲಿ ಇಳಿದ ಬಣ್ಣ ಪೂರ್ತಿ ಹೋಗಲಿಲ್ಲ. ಅಲ್ಲಿಂದ ಮುಂದಿನ ಮರಕ್ಕೆ ಹೊರಟೆವು. ಅವಳು ಮುಂದೆ, ನಾನು ಹಿಂದೆ.